ಇಳಿದು ಹೋಗು ಎಂದ ದೇವರು

ಕಿಕುಯು ಜನರ ಸೃಷ್ಟಿಕಥೆಯಲ್ಲಿ ದೇವರು ಮೊದಲ ಮನುಷ್ಯನನ್ನು ಬೆಟ್ಟದ ತುದಿಗೆ ಕರೆದೊಯ್ಯುತ್ತಾನೆ. ಮನುಷ್ಯನ ಹೆಸರು ಗಿಕುಯು, ದೇವರ ಹೆಸರು ನ್ಗಾಯಿ, ಬೆಟ್ಟ ಕಿರಿನ್ಯಾಗಾ. ನಾವು ಭೂಪಟದಲ್ಲಿ ಮೌಂಟ್ ಕೀನ್ಯಾ ಎಂದು ಓದುವುದು ಅದನ್ನೇ. ತುದಿಯಲ್ಲಿ ನಿಂತ ದೇವರು ಕೆಳಗಿನ ನಾಡನ್ನೆಲ್ಲ ತೋರಿಸುತ್ತಾನೆ. ನಟ್ಟನಡುವೆ ಅತ್ತಿಮರಗಳು ಗುಂಪುಗೂಡಿದ ಒಂದು ಜಾಗಕ್ಕೆ ಬೆರಳು ಮಾಡಿ, ಇಳಿದು ಹೋಗಿ ಅಲ್ಲಿ ಮನೆ ಕಟ್ಟಿಕೋ ಎನ್ನುತ್ತಾನೆ. ಕಷ್ಟ ಬಂದಾಗ ಬಲಿ ಕೊಟ್ಟು ಈ ಬೆಟ್ಟದ ಕಡೆಗೆ ಕೈಯೆತ್ತಿದರೆ ಸಾಕು, ನೆರವಿಗೆ ಬರುತ್ತೇನೆ ಎಂದೂ ಮಾತು ಕೊಡುತ್ತಾನೆ. ಗಿಕುಯು ಇಳಿದು ಬಂದಾಗ ಅತ್ತಿಮರಗಳ ನಡುವೆ ಮುಂಬಿ ಎಂಬ ಹೆಣ್ಣು ಸಿಗುತ್ತಾಳೆ, ಸಂಸಾರ ಶುರುವಾಗುತ್ತದೆ. ಜೋಮೊ ಕೆನ್ಯಾಟಾ 1938ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ಫೇಸಿಂಗ್ ಮೌಂಟ್ ಕೀನ್ಯಾ’ ಪುಸ್ತಕದಲ್ಲಿ ಈ ಕಥೆ ಇದೆ. ದೇವರ ಬೆಟ್ಟಗಳ ಬಗ್ಗೆ ಲೋಕದಲ್ಲಿರುವ ಕಥೆಗಳ ಸಾಲಿನಲ್ಲಿ ಇದು ತುಸು ವಿಚಿತ್ರವಾದದ್ದು. ಇಲ್ಲಿ ಮೊತ್ತಮೊದಲ ಆರೋಹಣ ಮಾಡಿಸಿದವನು ದೇವರೇ. ಆದರೆ ಮತ್ತೆ ಹತ್ತಿ ಬಾ ಎಂದು ಆತ ಎಲ್ಲೂ ಹೇಳುವುದಿಲ್ಲ.

ಇವತ್ತು ಅದೇ ಬೆಟ್ಟಕ್ಕೆ ಹಲವು ಚಾರಣದ ದಾರಿಗಳಿವೆ. ಹೆಚ್ಚು ಜನ ಹಿಡಿಯುವುದು ಮೂರನ್ನು: ಪಶ್ಚಿಮದಿಂದ ನಾರೊ ಮೊರು, ವಾಯವ್ಯದಿಂದ ಸಿರಿಮೊನ್, ಪೂರ್ವದಿಂದ ಚೊಗೊರಿಯಾ. ದೇವರಿದ್ದಾನೆ ಎಂದು ಒಂದು ಜನಾಂಗ ನಂಬಿದ ಬೆಟ್ಟವನ್ನು ಇನ್ನೊಬ್ಬರು ಹತ್ತಬಹುದೇ ಎಂಬ ಪ್ರಶ್ನೆ ಬಂದಾಗಲೆಲ್ಲ ಅದು ಮೈಲಿಗೆಯ ಪ್ರಶ್ನೆಯಾಗಿಬಿಡುತ್ತದೆ. ಕಾಲಿಟ್ಟರೆ ಬೆಟ್ಟ ಕೆಡುತ್ತದೆಯೇ, ದೇವರು ಮುನಿಯುತ್ತಾನೆಯೇ ಎಂದು ಕೇಳುತ್ತೇವೆ. ಹೀಗೆ ಕೇಳುವುದರ ಅಪಾಯ 2015ರಲ್ಲಿ ಬೋರ್ನಿಯೊದ ಕಿನಬಾಲು ಬೆಟ್ಟದಲ್ಲಿ ಕಂಡಿತು. ಮೇ ತಿಂಗಳ ಕೊನೆಯಲ್ಲಿ ಕೆಲವು ವಿದೇಶಿ ಪ್ರವಾಸಿಗರು ಮೇಲೆ ಬಟ್ಟೆ ಬಿಚ್ಚಿ ಫೋಟೊ ತೆಗೆಸಿಕೊಂಡರು. ಜೂನ್ 5ರಂದು ಭೂಕಂಪವಾಗಿ ಬೆಟ್ಟದ ಮೇಲೆ 18 ಜನ ಸತ್ತರು. ಬೆಟ್ಟದ ಆತ್ಮಗಳು ಸಿಟ್ಟಾದವು ಎಂದು ಅನೇಕರು ಹೇಳಿದರು. ಸತ್ತವರು ಯಾರು ಎಂದು ನೋಡಿದರೆ ಸಿಂಗಪುರದಿಂದ ಬಂದಿದ್ದ ಶಾಲಾಮಕ್ಕಳಿದ್ದರು, ಆ ಬೆಟ್ಟವನ್ನೇ ನಂಬಿ ಬದುಕುತ್ತಿದ್ದ ಸ್ಥಳೀಯ ಮಾರ್ಗದರ್ಶಿಗಳಿದ್ದರು. ಬಟ್ಟೆ ಬಿಚ್ಚಿದವರು ನ್ಯಾಯಾಲಯದಲ್ಲಿ ದಂಡ ಕಟ್ಟಿ ಊರಿಗೆ ಹೋದರು. ಇಷ್ಟು ಗುರಿ ತಪ್ಪುವ ಮುನಿಸನ್ನು ದೇವರಿಗೆ ಅಂಟಿಸುವುದು ದೇವರಿಗೇ ಮಾಡುವ ಅವಮಾನ. ಹಾಗೆಂದು ಹತ್ತುವುದರಲ್ಲಿ ಧರ್ಮದ ಪ್ರಶ್ನೆಯೇ ಇಲ್ಲ ಎನ್ನಲಾಗದು. ಪ್ರಶ್ನೆ ಇದೆ, ಆದರೆ ಅದು ಮೈಲಿಗೆಯದಲ್ಲ. ಕಿರಿನ್ಯಾಗಾ ತನ್ನವರಿಗೆ ಒಂದು ದಿಕ್ಕಾಗಿತ್ತು. ಹೊರಗಿನಿಂದ ಬಂದವರು ಅದನ್ನು ಒಂದು ತುದಿಯನ್ನಾಗಿ ಮಾಡಿದರು. ಈ ಎರಡು ಬಗೆಯ ಪಾವಿತ್ರ್ಯ ಒಂದೇ ಅಲ್ಲವೆಂಬುದು ನನ್ನ ವಾದ.

ಮೊದಲು ದಿಕ್ಕಿನ ಮಾತು. ಕೆನ್ಯಾಟಾ ಹೇಳುವಂತೆ ಕಿಕುಯುಗಳಿಗೆ ದೇವರ ಬೆಟ್ಟ ಒಂದೇ ಅಲ್ಲ, ನಾಲ್ಕು. ಉತ್ತರಕ್ಕೆ ಕಿರಿನ್ಯಾಗಾ, ಪೂರ್ವಕ್ಕೆ ಈಗ ಓಲ್ ಡೊನ್ಯೊ ಸಬುಕ್ ಎನ್ನುವ ಬೆಟ್ಟ, ದಕ್ಷಿಣಕ್ಕೆ ನ್ಗೊಂಗ್ ಗುಡ್ಡಗಳು, ಪಶ್ಚಿಮಕ್ಕೆ ಬ್ರಿಟಿಷರು ಅಬರ್ಡೇರ್ ಎಂದು ಹೆಸರಿಟ್ಟ ನ್ಯಾಂಡರುವಾ ಸಾಲು. ಕಿರಿನ್ಯಾಗಾ ಮುಖ್ಯ ನಿವಾಸ, ಉಳಿದವು ದೇವರು ಬಂದು ತಂಗುವ ಜಾಗಗಳು. ಈ ನಾಲ್ಕರ ನಡುವಿನ ನೆಲವೇ ಕಿಕುಯು ನಾಡು. ಅಂದರೆ ಬೆಟ್ಟಗಳು ಇಲ್ಲಿ ನಾಡಿಗೆ ಎಲ್ಲೆ ಕಟ್ಟುವ ಕೆಲಸ ಮಾಡುತ್ತವೆ. ಪೂಜೆ ನಡೆಯುವುದು ಬೆಟ್ಟದಲ್ಲಿ ಅಲ್ಲ, ಊರಿನ ಪಕ್ಕದ ಮುಗುಮೊ ಎಂಬ ಅತ್ತಿಮರದ ಬುಡದಲ್ಲಿ. ಮಳೆ ಹೋದಾಗ, ರೋಗ ಬಂದಾಗ ಹಿರಿಯರು ಆ ಮರದಡಿ ಕುರಿ ಬಲಿ ಕೊಟ್ಟು, ಕಿರಿನ್ಯಾಗಾದ ಕಡೆ ಮುಖ ಮಾಡಿ ಕೈಯೆತ್ತುತ್ತಾರೆ. ಬೆಟ್ಟ ಆ ಹೊತ್ತಿಗೆ ಕಾಣಬೇಕೆಂದೇನೂ ಇಲ್ಲ. ಬೆಳಿಗ್ಗೆ ಒಂದಷ್ಟು ಹೊತ್ತು ಮೈದೋರಿ ಆಮೇಲೆ ಮೋಡದೊಳಗೆ ಹೋಗಿಬಿಡುವುದು ಅದರ ಸ್ವಭಾವ. ಕಾಣದಿದ್ದರೂ ಅದು ಯಾವ ಕಡೆಗಿದೆ ಎಂದು ಎಲ್ಲರಿಗೂ ಗೊತ್ತು, ಪ್ರಾರ್ಥನೆಗೆ ಅಷ್ಟು ಸಾಕು. ದಿಕ್ಕಿನ ಗುಣವೇ ಅದು. ಅದನ್ನು ತಲುಪಲಾಗದು, ಆದರೆ ಎಲ್ಲಿ ನಿಂತರೂ ಅದಕ್ಕೆ ತಿರುಗಬಹುದು. ಮುದುಕಿಗೂ ಕುಂಟನಿಗೂ ಅದು ಅಷ್ಟೇ ದೂರ, ಅಷ್ಟೇ ಹತ್ತಿರ. ದಿಕ್ಕಿನ ವಿಷಯದಲ್ಲಿ ಮೊದಲಿಗ ಎಂಬವನೇ ಇರುವುದಿಲ್ಲ.

ಇದಕ್ಕೆ ಬೆನ್ನಾಗಿ ಅವರ ದೇವತತ್ತ್ವದಲ್ಲಿ ಇನ್ನೊಂದು ಎಳೆ ಇದೆ, ನನಗೆ ಇಡೀ ವಿಷಯದಲ್ಲಿ ಅತ್ಯಂತ ಗಟ್ಟಿ ಎನಿಸುವುದು ಅದೇ. ನ್ಗಾಯಿಯನ್ನು ಪದೇಪದೇ ಪೀಡಿಸಬಾರದು. ಒಬ್ಬನ ಸ್ವಂತ ಬೇಕು-ಬೇಡಗಳನ್ನು ಹೊತ್ತು ದಿನಾ ಅವನ ಬಾಗಿಲು ತಟ್ಟುವ ರೂಢಿ ಇಲ್ಲ. ಹುಟ್ಟು, ದೀಕ್ಷೆ, ಮದುವೆ, ಸಾವು ಎಂಬ ಘಟ್ಟಗಳಲ್ಲಿ ಮನೆಮಂದಿಯೆಲ್ಲ ಸೇರಿ ಕರೆಯಬೇಕು, ಇಲ್ಲವೇ ಬರದಂಥ ಆಪತ್ತಿನಲ್ಲಿ ಊರು ಸೇರಿ ಕರೆಯಬೇಕು. ಹೀಗೆ ನಂಬಿದವರಿಗೆ ಒಬ್ಬನೇ ಬೆಟ್ಟ ಹತ್ತಿ ದೇವರ ಮನೆಯಂಗಳದಲ್ಲಿ ನಿಲ್ಲುವುದು ಪಾಪಕ್ಕಿಂತ ಹೆಚ್ಚಾಗಿ ಅವಿವೇಕದಂತೆ, ಕರೆಯದ ಮನೆಗೆ ಉಂಡು ಮಲಗುವ ಹೊತ್ತಿನಲ್ಲಿ ಹೋದಂತೆ ಕಂಡಿರಬೇಕು. ದೂರ ಉಳಿಯುವುದು ಇಲ್ಲಿ ಭಯವಲ್ಲ, ಒಂದು ಬಗೆಯ ಮರ್ಯಾದೆ.

ದಿಕ್ಕು ತುದಿಯಾದ ಕಥೆ ಚರಿತ್ರೆಯಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. 1848ರಲ್ಲಿ ಯೊಹಾನೆಸ್ ರೆಬ್‌ಮನ್ ಎಂಬ ಮಿಷನರಿ ಕಿಲಿಮಂಜಾರೊದ ಮೇಲೆ ಹಿಮ ಕಂಡ. ಮರುವರ್ಷ ಡಿಸೆಂಬರಿನಲ್ಲಿ ಅವನ ಜೊತೆಗಾರ ಲುಡ್ವಿಗ್ ಕ್ರಾಫ್ ಕಿಟುಯಿ ಕಡೆಯಿಂದ ಕಿರಿನ್ಯಾಗಾವನ್ನು ನೋಡಿದ. ಭೂಮಧ್ಯರೇಖೆಯ ನೆತ್ತಿಯ ಮೇಲೆ ಹಿಮವಿದೆ ಎಂಬ ಮಾತನ್ನು ಲಂಡನ್ನಿನ ಪಂಡಿತರು ನಂಬಲಿಲ್ಲ, ಕುರ್ಚಿಯಲ್ಲಿ ಕೂತೇ ಅಲ್ಲಗಳೆದರು. ಅಲ್ಲಿಂದ ಮುಂದೆ ಬೆಟ್ಟವೆಂದರೆ ಸಾಬೀತು ಮಾಡಬೇಕಾದ ಸಂಗತಿಯಾಯಿತು. 1887ರಲ್ಲಿ ಹಂಗೇರಿಯ ಕೌಂಟ್ ಟೆಲೆಕಿ ಸಾಕಷ್ಟು ಮೇಲೇರಿದ. 1893ರಲ್ಲಿ ಭೂವಿಜ್ಞಾನಿ ಗ್ರೆಗರಿ ಹಿಮನದಿಗಳವರೆಗೆ ಹೋಗಿ ದೊಡ್ಡದೊಂದಕ್ಕೆ ಲೂಯಿಸ್ ಎಂಬ ಅಮೆರಿಕದ ವಿಜ್ಞಾನಿಯ ಹೆಸರಿಟ್ಟ. 1889ರಲ್ಲೇ ಜರ್ಮನಿಯ ಹಾನ್ಸ್ ಮೇಯರ್ ಕಿಲಿಮಂಜಾರೊ ಹತ್ತಿಯಾಗಿತ್ತು. ಇದನ್ನೂ ಅವನೇ ಹತ್ತಿಬಿಟ್ಟಾನು ಎಂಬ ಧಾವಂತದಲ್ಲಿ ಆಕ್ಸ್‌ಫರ್ಡಿನ ಭೂಗೋಳದ ಅಧ್ಯಾಪಕ ಹಾಲ್ಫರ್ಡ್ ಮ್ಯಾಕಿಂಡರ್ 1899ರಲ್ಲಿ ಹೊರಟ. ರೈಲು ಆಗಷ್ಟೇ ನೈರೋಬಿ ಮುಟ್ಟಿತ್ತು. ಸೆಪ್ಟೆಂಬರ್ 13ರಂದು ಸೆಸಾರ್ ಒಲಿಯೆ ಮತ್ತು ಜೋಸೆಫ್ ಬ್ರೊಶ್ರೆಲ್ ಎಂಬ ಇಬ್ಬರು ಆಲ್ಪ್ಸ್ ಮಾರ್ಗದರ್ಶಿಗಳ ಜೊತೆ 5,199 ಮೀಟರ್ ಎತ್ತರದ ತುದಿಯಲ್ಲಿ ನಿಂತ. ಆ ತುದಿಗೆ ಬಾಟಿಯಾನ್ ಎಂದೂ ಪಕ್ಕದ 5,188 ಮೀಟರಿನ ಅವಳಿಗೆ ನೆಲಿಯಾನ್ ಎಂದೂ ಮಸಾಯಿ ಧರ್ಮಗುರುಗಳ ಹೆಸರಿಟ್ಟ. ಕಿಕುಯುಗಳ ದೇವರ ಮನೆಗೆ ಅವರ ನೆರೆಹೊರೆಯ ಗುರುಗಳ ಹೆಸರನ್ನು ಒಬ್ಬ ಇಂಗ್ಲಿಷಿನವನು ಇಟ್ಟ. ಇದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ. ನಾಡಿನವರ ಹೆಸರೇ ಇರಲಿ ಎಂಬ ಸೌಜನ್ಯವೂ ಇದ್ದಿರಬಹುದು. ಆದರೆ ತುದಿ ತುದಿಗೂ ಬೇರೆ ಬೇರೆ ಹೆಸರು ಬೇಕೆನಿಸುವುದು ಅಲ್ಲಿಗೆ ಹೋಗಿ ನಿಲ್ಲುವವನಿಗೆ. ಇಪ್ಪತ್ತು ಹರದಾರಿ ಆಚೆ ಹೊಲದಲ್ಲಿ ನಿಂತು ಕೈಯೆತ್ತುವವನಿಗೆ ಬೆಟ್ಟ ಒಂದೇ.

ಆ ಮೇಲೆ ತುದಿಯ ಭಾಷೆಯನ್ನು ಎಲ್ಲರೂ ಕಲಿತರು. 1963ರ ಡಿಸೆಂಬರಿನಲ್ಲಿ ಕೀನ್ಯಾ ಸ್ವತಂತ್ರವಾದಾಗ ಕಿಸೊಯಿ ಮುನ್ಯಾವೊ ಎಂಬ ಆರೋಹಿ 4,985 ಮೀಟರಿನ ಲೆನಾನಾ ತುದಿಯಲ್ಲಿ ಹೊಸ ಬಾವುಟ ಹಾರಿಸಿದರು. ಸ್ವತಂತ್ರ ನಾಡು ತನ್ನ ಬೆಟ್ಟದ ಮೇಲೆ ಬಾವುಟ ಊರಿದ್ದು ಸರಿಯೇ, ಸಂಭ್ರಮವೇ. ಆದರೂ ಆ ನುಡಿಗಟ್ಟು ಮ್ಯಾಕಿಂಡರನದು. ಅದಕ್ಕೆ ಹತ್ತು ವರ್ಷ ಹಿಂದೆ, ಬ್ರಿಟಿಷರು ಹೇರಿದ ತುರ್ತುಪರಿಸ್ಥಿತಿಯ ಕಾಲದಲ್ಲಿ, ಅದೇ ಬೆಟ್ಟದ ಕಾಡಿನಲ್ಲಿ ‘ಜನರಲ್ ಚೈನಾ’ ಎಂದು ಹೆಸರಾದ ವರುಹಿಯು ಇಟೋಟೆಯ ನಾಯಕತ್ವದಲ್ಲಿ ಅವರ ವಿರುದ್ಧ ಅಡಗಿ ಹೋರಾಡುತ್ತಿದ್ದ ಮಾವ್ ಮಾವ್ ಬಂಡಾಯದ ಪಡೆಯವರು ಬೆಟ್ಟದ ಕಡೆ ತಿರುಗಿ ಪ್ರಾರ್ಥಿಸುತ್ತಿದ್ದರು. ಶಿಖರಕ್ಕೆ ಎಲ್ಲರಿಗಿಂತ ಹತ್ತಿರವಿದ್ದವರು ಅವರು, ಹತ್ತುವ ಕಸುವೂ ಇತ್ತು. ಅವರಿಗೆ ಬೇಕಾದದ್ದು ಕೆಳಗಿನ ಹೊಲಗಳು.

ಈ ವಾದಕ್ಕೆ ಮೊದಲ ಆಕ್ಷೇಪ ಸರಳವಾದದ್ದು. ಕಿಕುಯುಗಳು ಹತ್ತದಿದ್ದುದಕ್ಕೆ ಭಕ್ತಿಯೂ ಕಾರಣವಲ್ಲ, ಮರ್ಯಾದೆಯೂ ಅಲ್ಲ. ಚಳಿ, ಅಷ್ಟೇ ಎನ್ನಬಹುದು. ಈ ಮಾತಿಗೆ ಆಧಾರವೂ ಇದೆ. ಎಂಬು ಕಡೆಯ ಒಬ್ಬನು ಕ್ರಾಫ್‌ಗೆ ಹೇಳಿದ್ದು ಇದನ್ನೇ: ಬೆಟ್ಟದ ಹತ್ತಿರ ಹೋಗಿದ್ದೇನೆ, ಮೇಲೆ ಏನೋ ಬಿಳಿಯದಿದೆ, ಅದರ ಥಂಡಿ ತಡೆಯಲಾಗದು, ಅದರಿಂದ ಸದಾ ನೀರಿಳಿಯುತ್ತದೆ. ಲಂಡನ್ನಿನ ಪಂಡಿತರಿಗಿಂತ ಆತನಿಗೆ ಹಿಮದ ವಿಷಯ ಹೆಚ್ಚು ತಿಳಿದಿತ್ತೆಂಬುದು ಬೇರೆ ಮಾತು. ಜೇನು ಕೀಳುವವರು, ಬೇಟೆಯವರು ಕಾಡಿನೊಳಗೆ ಸಾಕಷ್ಟು ಮೇಲಕ್ಕೆ ಹೋಗುತ್ತಿದ್ದರೆಂಬುದೂ ನಿಜ. ಹಾಗಾದರೆ ದೇವರ ಭಯ ಎಂಬುದು ಚಳಿಗೆ ಕೊಟ್ಟ ದೊಡ್ಡ ಹೆಸರೇ? ಇರಬಹುದು, ಭಾಗಶಃ. ಆದರೆ ಒಂದು ಆಚಾರ ಯಾವ ಕಾರಣಕ್ಕೆ ಹುಟ್ಟಿತು ಎಂಬುದೂ ಅದು ಆಮೇಲೆ ಏನನ್ನು ಹೊತ್ತು ನಡೆಯಿತು ಎಂಬುದೂ ಬೇರೆ ಬೇರೆ. ಬರಿಯ ಚಳಿಯಾಗಿದ್ದರೆ ಹತ್ತದೆ ಸುಮ್ಮನಿರುತ್ತಿದ್ದರು. ಅದರ ಕಡೆ ಮುಖ ಮಾಡಿ ಬಲಿ ಕೊಡುತ್ತಿರಲಿಲ್ಲ, ಮೊದಲ ಮನುಷ್ಯ ಅಲ್ಲಿಂದ ಇಳಿದು ಬಂದ ಎಂದು ಕಥೆ ಕಟ್ಟುತ್ತಿರಲಿಲ್ಲ.

ಕೆನ್ಯಾಟಾ ಬರೆದದ್ದು ಜನಾಂಗಶಾಸ್ತ್ರವೋ ರಾಜಕೀಯವೋ ಎಂಬ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿಯ ಶಿಷ್ಯನಾಗಿ ಆತ ಅದನ್ನು ಬರೆದದ್ದು, ನೆಲ ಕಳೆದುಕೊಂಡ ತನ್ನ ಜನರ ಪರ ವಕಾಲತ್ತು ವಹಿಸಿ. ದೇವರೇ ತೋರಿಸಿಕೊಟ್ಟ ನಾಡು ಎಂಬ ಕಥೆ ಬಿಳಿಯ ಜಮೀನ್ದಾರರ ಮುಂದೆ ಹಿಡಿದ ಹಕ್ಕುಪತ್ರದಂತೆಯೂ ಓದಿಸಿಕೊಳ್ಳುತ್ತದೆ. ಒಪ್ಪಬೇಕಾದ ಮಾತು. ಆದರೆ ಇದರಿಂದ ನನ್ನ ವಾದ ಸಡಿಲವಾಗುವುದಕ್ಕಿಂತ ಬಿಗಿಯಾಗುತ್ತದೆ. ಹಕ್ಕು ಸಾಧಿಸಲೆಂದೇ ಬರೆದವನು ತನ್ನ ಜನ ಶಿಖರವನ್ನು ಎಂದೋ ಏರಿದ್ದರು, ಅಲ್ಲಿ ಗುಡಿ ಕಟ್ಟಿದ್ದರು ಎಂದು ಹೇಳಿಕೊಳ್ಳಲು ಏನಡ್ಡಿಯಿತ್ತು? ಮ್ಯಾಕಿಂಡರನ ಕಾಲದವರಿಗೆ ಚೆನ್ನಾಗಿ ಅರ್ಥವಾಗುತ್ತಿದ್ದ ಹಕ್ಕು ಅದೇ. ಆತ ಹಾಗೆ ಹೇಳಲಿಲ್ಲ. ಪುಸ್ತಕದ ಹೆಸರಿನಲ್ಲೇ ಬೆಟ್ಟಕ್ಕೆ ಎದುರಾಗಿ ನಿಂತ.

ನಮ್ಮ ಓದುಗರಿಗೆ ಥಟ್ಟನೆ ಹೊಳೆಯುವ ಆಕ್ಷೇಪ ಬೇರೆ. ನಮ್ಮಲ್ಲಿ ದೇವರ ಬೆಟ್ಟವನ್ನು ಹತ್ತುವುದೇ ಭಕ್ತಿ. ಮಾದಪ್ಪನ ಬೆಟ್ಟಕ್ಕೆ ಮೈಲುಗಟ್ಟಲೆ ನಡೆಯುತ್ತಾರೆ, ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಏರಿ ಗೊಮ್ಮಟನ ಪಾದ ಮುಟ್ಟುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವುದನ್ನು ಮೈಸೂರಿನವರೆಲ್ಲ ನೋಡಿದ್ದಾರೆ. ಹತ್ತುವುದರಲ್ಲಿ ದೋಷವಿದೆಯೆಂದರೆ ಇವರನ್ನೆಲ್ಲ ಏನೆನ್ನುವುದು? ಇಲ್ಲಿ ಹತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಮೆಟ್ಟಿಲು ಮುಗಿದಾಗ ಭಕ್ತೆ ಗರ್ಭಗುಡಿಯ ಹೊಸ್ತಿಲ ಈಚೆ ನಿಲ್ಲುತ್ತಾಳೆ, ಎದುರಿಗೆ ದೇವಿ. ಗೋಪುರದ ಕಳಸದ ಮೇಲೆ ಹತ್ತಿ ನಿಲ್ಲುವುದು ಯಾರ ಮನಸ್ಸಿಗೂ ಬರುವುದಿಲ್ಲ. ಅಂದರೆ ನಮ್ಮ ಬೆಟ್ಟಗಳಲ್ಲೂ ಹತ್ತುವುದು ಮುಗಿಯುವುದು ಎದುರು ನಿಲ್ಲುವುದರಲ್ಲೇ. ಎತ್ತರ ಎಷ್ಟು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಹೋಲಿಕೆಗೆ ಮುಳ್ಳಯ್ಯನಗಿರಿಯನ್ನು ನೋಡಿ. ಅಲ್ಲಿ ಗದ್ದುಗೆಗೆ ನಮಸ್ಕರಿಸಲು ಬರುವವರು ಒಂದು ಗುಂಪು, ಕರ್ನಾಟಕದ ಅತಿ ಎತ್ತರದ ಜಾಗ ಎಂದು ವಾರಾಂತ್ಯಕ್ಕೆ ಕಾರಿನ ಸಾಲು ಹಚ್ಚಿ ಬರುವವರು ಇನ್ನೊಂದು ಗುಂಪು. ಇಬ್ಬರೂ ಬರುವುದು ಒಂದೇ ಜಾಗಕ್ಕೆ, ಮಾಡುವ ಕೆಲಸ ಒಂದೇ ಅಲ್ಲ. ಇನ್ನು ಕೈಲಾಸದ ವಿಷಯದಲ್ಲಿ ನಮ್ಮ ಪರಂಪರೆಯೂ ಕಿಕುಯುಗಳ ಹಾದಿಯನ್ನೇ ಹಿಡಿದಿದೆ. ಅದನ್ನು ಸುತ್ತುತ್ತಾರೆ, ಏರುವುದಿಲ್ಲ.

ಇದೇ ದೃಷ್ಟಿಯಿಂದ ನೋಡಿದರೆ, ಬಹಳ ಹೊಗಳಿಸಿಕೊಂಡ ಒಂದು ಸೌಜನ್ಯವೂ ಪ್ರಶ್ನೆಗೊಳಗಾಗುತ್ತದೆ. 1955ರಲ್ಲಿ ಕಾಂಚನಜುಂಗಾ ಏರಿದ ಬ್ರಿಟಿಷ್ ತಂಡದವರು ಸಿಕ್ಕಿಮ್‌ಗೆ ಕೊಟ್ಟ ಮಾತಿನಂತೆ ಕೊನೆಯ ಕೆಲವು ಅಡಿಗಳನ್ನು ಬಿಟ್ಟು ನಿಂತರು. ಕೊಟ್ಟ ಮಾತು ನಡೆಸಿದ್ದು ದೊಡ್ಡದೇ. ಆದರೆ ದೇವರು ಕೊನೆಯ ಕೆಲವೇ ಅಡಿಗಳಲ್ಲಿ ಇದ್ದಾನೆ, ಅದರ ಕೆಳಗಿನದೆಲ್ಲ ಬರಿಯ ಕಲ್ಲು ಮಂಜು ಎಂದು ಒಪ್ಪಿದ ಮೇಲಷ್ಟೇ ಇಂಥ ಒಪ್ಪಂದ ಸಾಧ್ಯ. ಅಲ್ಲಿ ಗೌರವವನ್ನೂ ತುದಿಯಿಂದಲೇ ಅಳೆದಂತಾಯಿತು.

ಮೌಂಟ್ ಕೀನ್ಯಾದ ಚಾರಣದ ದಾರಿಗಳು ಇದಕ್ಕಿಂತ ಚೆನ್ನಾದ ಒಂದು ಪರಿಹಾರವನ್ನು ಯಾರೂ ಯೋಜಿಸದೆಯೇ ಕಂಡುಕೊಂಡಿವೆ. ಬಾಟಿಯಾನ್, ನೆಲಿಯಾನ್‌ಗಳು ಹಗ್ಗ ಕಟ್ಟಿ ಬಂಡೆ ಹತ್ತಬಲ್ಲವರಿಗೆ ಮಾತ್ರ. ನಡೆದು ಹೋಗುವವರ ಎಲ್ಲ ದಾರಿಗಳೂ ಲೆನಾನಾದಲ್ಲಿ ಮುಗಿಯುತ್ತವೆ. ನಾರೊ ಮೊರು ದಾರಿ ಬಿದಿರು ಮೆಳೆ ದಾಟಿ ಮೆಟ್ ಸ್ಟೇಷನ್ ಎಂಬಲ್ಲಿಂದ ಮೇಲೆ ಒಂದು ಕಡಿದಾದ ಜೌಗಿಗೆ ಬೀಳುತ್ತದೆ. ಇಳಿಜಾರಿನಲ್ಲಿ ನೀರು ನಿಲ್ಲಲು ಹೇಗೆ ಸಾಧ್ಯ ಎಂದು ಬೆರಗಾಗುವಷ್ಟು ಕೆಸರು, ಹುಲ್ಲಿನ ಮುದ್ದೆಯಿಂದ ಮುದ್ದೆಗೆ ಹಾರುತ್ತ ಹತ್ತಬೇಕು. ಆಮೇಲೆ ಟೆಲೆಕಿ ಕಣಿವೆ. ಅಲ್ಲಿ ನೆಲಕ್ಕೆ ಅಂಟಿ ಬೆಳೆಯುವ ಲೊಬೀಲಿಯಾ ಗಿಡದ ಎಲೆಬಟ್ಟಲಿನಲ್ಲಿ ನೀರು ನಿಂತಿರುತ್ತದೆ. ರಾತ್ರಿ ಆ ನೀರಿನ ಮೇಲ್ಪದರ ಗಾಜಿನಂತೆ ಹೆಪ್ಪುಗಟ್ಟಿ ಒಳಗಿನ ಮೊಗ್ಗನ್ನು ಕಾಯುತ್ತದೆ, ಹಗಲಾದರೆ ಕರಗುತ್ತದೆ. ಆಳೆತ್ತರ ಮೀರಿದ ಸೆನೆಸಿಯೊ ಮರಗಳು ಸತ್ತ ಎಲೆಗಳನ್ನು ಉದುರಿಸದೆ ಕಾಂಡದ ಸುತ್ತ ಕಂಬಳಿಯಾಗಿ ಇಟ್ಟುಕೊಂಡಿರುತ್ತವೆ. ಭೂಮಧ್ಯರೇಖೆ ಈ ಬೆಟ್ಟದ ಉತ್ತರದ ಇಳಿಜಾರಿನ ಮೇಲೇ ಹಾಯುವುದರಿಂದ ಇಲ್ಲಿ ಋತುಗಳು ವರ್ಷಕ್ಕಲ್ಲ, ದಿನಕ್ಕೊಂದು ಸುತ್ತು. 4,200 ಮೀಟರಿನ ಆಸುಪಾಸಿನಲ್ಲಿ, ಈ ಕಡೆ ಮ್ಯಾಕಿಂಡರ್ಸ್ ಕ್ಯಾಂಪಿನಲ್ಲಿ, ಸಿರಿಮೊನ್ ಕಡೆಯವರು ಶಿಪ್ಟನ್ಸ್ ಕ್ಯಾಂಪಿನಲ್ಲಿ ಮಲಗಿ, ನಡುರಾತ್ರಿ ಕಳೆದ ಮೇಲೆ ಎದ್ದು, ಹೆಪ್ಪುಗಟ್ಟಿದ ಜಲ್ಲಿಯ ಮೇಲೆ ‘ಪೊಲೆ ಪೊಲೆ’, ನಿಧಾನ ನಿಧಾನ, ಎನ್ನುವ ಮಾರ್ಗದರ್ಶಿಯ ಹಿಂದೆ ಹತ್ತಿ ಬೆಳಕು ಹರಿಯುವ ಹೊತ್ತಿಗೆ ಲೆನಾನಾ ಸೇರುತ್ತಾರೆ. ಬೆಳಕಾದಾಗ ಎದುರಿಗೆ, ಕೈಚಾಚಿದರೆ ಸಿಕ್ಕೀತು ಎಂಬಂತೆ, ತಾನು ನಿಂತಲ್ಲಿಂದ ಇನ್ನೂ 200 ಮೀಟರ್ ಮೇಲಕ್ಕೆ ನೆಲಿಯಾನ್, ಅದರ ಹಿಂದೆ ಬಾಟಿಯಾನ್. ಹತ್ತುವವನ ಬೆಟ್ಟ ಮುಗಿದಿದೆ, ಆದರೂ ಬೆಟ್ಟ ಎದುರಿಗೇ ಇದೆ. ಕಾಲ ಕೆಳಗಿರಬೇಕಾದ್ದು ಕಣ್ಣ ಮುಂದೆ ನಿಂತಿರುವ ಈ ವಿನ್ಯಾಸ ನೆಲದ ರಚನೆಯಿಂದ ಆದದ್ದು. ಚಾರಣಿಗನಿಗೆ ಇಷ್ಟವಿರಲಿ ಇಲ್ಲದಿರಲಿ, ದಿಕ್ಕಿನ ಮರ್ಯಾದೆಯನ್ನು ಅದು ಕೊನೆಗೆ ಅವನಿಗೆ ಕಲಿಸಿಯೇ ಬಿಡುತ್ತದೆ. ಜಾಸ್ತಿ ಹೊತ್ತು ನಿಲ್ಲುವಂತೆಯೂ ಇಲ್ಲ. ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು ಆಮ್ಲಜನಕ ಮಾತ್ರ ಸಿಗುವ ಆ ಎತ್ತರದಲ್ಲಿ ತಲೆ ಸಿಡಿದು ಉಸಿರು ಕಟ್ಟಿದವನಿಗೆ ವೈದ್ಯರು ಹೇಳುವ ಮೊದಲ ಮದ್ದು ಕೆಳಗಿಳಿ ಎಂಬುದು. ಅಲ್ಲಿಗೂ ಹೋಗದೆ ಮುಖ್ಯ ಶಿಖರಗಳನ್ನು ಸುತ್ತುಹಾಕುವ ಒಂದು ದಾರಿಯೂ ಇದೆ. ಹೆಚ್ಚಿನವರಿಗೆ ಅದು ಲೆನಾನಾದ ಜೊತೆ ಸೇರಿಸಿಕೊಳ್ಳುವ ಉಪಕಥೆ. ನನಗೇನೋ ಈ ಬೆಟ್ಟಕ್ಕೆ ತಕ್ಕ ಚಾರಣ ಅದೇ ಎನಿಸುತ್ತದೆ.

ಹತ್ತುವವರೆಲ್ಲ ಅಹಂಕಾರದಿಂದಲೇ ಹತ್ತುತ್ತಾರೆಂದು ಹೇಳಲಾಗದು ಎಂಬುದಕ್ಕೆ ಇದೇ ಬೆಟ್ಟದಲ್ಲಿ ಒಂದು ನಿದರ್ಶನವಿದೆ. 1943ರಲ್ಲಿ ನಾನ್ಯುಕಿಯ ಯುದ್ಧಕೈದಿಗಳ ಶಿಬಿರದಿಂದ ಫೆಲಿಚೆ ಬೆನುತ್ಸಿ ಮತ್ತು ಇನ್ನಿಬ್ಬರು ಇಟಾಲಿಯನ್ನರು ತಪ್ಪಿಸಿಕೊಂಡು, ತಾವೇ ಕದ್ದುಮುಚ್ಚಿ ಮಾಡಿಕೊಂಡ ಸಲಕರಣೆಗಳೊಂದಿಗೆ ಬೆಟ್ಟ ಹತ್ತಿದರು. ಬಾಟಿಯಾನ್ ಸಾಧ್ಯವಾಗಲಿಲ್ಲ, ಅವರಲ್ಲಿ ಇಬ್ಬರು ಲೆನಾನಾ ಮುಟ್ಟಿ ಬಾವುಟ ಬಿಟ್ಟರು, ಆಮೇಲೆ ಮೂವರೂ ಇಳಿದು, ತಾವಾಗಿಯೇ ಸೆರೆಗೆ ಮರಳಿದರು. ಬೆನುತ್ಸಿ ಬರೆದ ಪುಸ್ತಕದಿಂದ ತಿಳಿಯುವಂತೆ, ಮೊದಲು ನಡೆದದ್ದು ನೋಟ. ಮುಳ್ಳುತಂತಿಯ ಒಳಗಿನಿಂದ, ಮೋಡ ಸರಿದಾಗ, ಆತ ಬೆಟ್ಟವನ್ನು ಕಂಡ. ಹೊತ್ತು ಹೋಗದ, ನಾಳೆ ಎಂಬುದಿಲ್ಲದ ಶಿಬಿರದ ಬದುಕಿಗೆ ಒಂದು ದಿಕ್ಕು ಸಿಕ್ಕಿತು. ಹತ್ತಿದ್ದು ಆಮೇಲೆ. ಸೆರೆಗೆ ಮರಳಿದವನಿಗೆ ಬೆಟ್ಟ ಮತ್ತೆ ತಂತಿಯ ಆಚೆಗೇ ಉಳಿಯಿತು. ಎದುರು ನಿಲ್ಲುವುದು, ಹತ್ತುವುದು ಎರಡೂ ಒಬ್ಬನಲ್ಲೇ ಇರಬಹುದು, ಯಾವುದು ಮೊದಲು ಎಂಬುದು ಮುಖ್ಯ.

ಇನ್ನು ಬದುಕಿನ ಮಾತು. ಇವತ್ತು ಈ ದಾರಿಗಳಲ್ಲಿ ಹೊರೆ ಹೊರುವವರು, ದಾರಿ ತೋರುವವರು, ಅಡುಗೆ ಮಾಡುವವರು ಬಹುಪಾಲು ಕಿಕುಯು, ಮೇರು, ಎಂಬು ಜನರೇ. ಆ ಕೂಲಿಯಲ್ಲಿ ಮಕ್ಕಳ ಶಾಲೆಯ ಫೀಸು ಹೊರಡುತ್ತದೆ. ದೂರದ ಒಬ್ಬ ಲೇಖಕ ಕೂತು, ನಿಮ್ಮ ಅಜ್ಜಂದಿರು ಹತ್ತುತ್ತಿರಲಿಲ್ಲ ಎಂದು ಅವರಿಗೆ ಹೇಳುವುದು ಅಧಿಕಪ್ರಸಂಗ. ನಿಷೇಧ ಬೇಕೆಂದು ನಾನು ಹೇಳುತ್ತಲೂ ಇಲ್ಲ. ಆಸ್ಟ್ರೇಲಿಯಾದ ಉಲುರು ಬಂಡೆಯನ್ನು ಹತ್ತುವುದನ್ನು 2019ರ ಅಕ್ಟೋಬರಿನಲ್ಲಿ ನಿಲ್ಲಿಸಿದರು. ಅಲ್ಲಿ ಆ ನೆಲದ ಒಡೆಯರಾದ ಅನಂಗು ಜನ ಹತ್ತಬೇಡಿ ಎಂದು ವರ್ಷಗಟ್ಟಲೆ ಬಾಯಿಬಿಟ್ಟು ಕೇಳಿಕೊಂಡಿದ್ದರು. ಕೇಳುವ ಹಕ್ಕು ಅವರದು, ನಮ್ಮದಲ್ಲ. ಆದರೆ ಇದರ ಹಿಂದೆಯೇ ಬರುವ ಇನ್ನೊಂದು ಮಾತನ್ನು ಒಪ್ಪಲಾರೆ: ಕಿಕುಯುಗಳು ಈಗ ಬಹುಪಾಲು ಕ್ರೈಸ್ತರು, ಬೆಟ್ಟದ ದೇವರು ಸತ್ತು ಎಷ್ಟೋ ಕಾಲವಾಯಿತು, ಸತ್ತ ದೇವರ ಮರ್ಯಾದೆ ಯಾರಿಗೆ ಬೇಕು ಎಂಬುದು. ಕಿಕುಯು ಬೈಬಲ್ಲಿನಲ್ಲಿ ದೇವರ ಹೆಸರು ನ್ಗಾಯಿಯೇ. ಹೆಸರು ಉಳಿದು ವಿಳಾಸ ಮಾತ್ರ ಅಳಿಸಿಹೋಯಿತು ಎನ್ನುವವರು ವಂಗಾರಿ ಮಾಥಾಯಿಯನ್ನು ನೋಡಬೇಕು. ನ್ಯೇರಿಯಲ್ಲಿ ಬೆಟ್ಟ ಕಾಣುವ ಊರಿನಲ್ಲಿ ಹುಟ್ಟಿ, ಕ್ಯಾಥೊಲಿಕ್ ಸಂನ್ಯಾಸಿನಿಯರ ಶಾಲೆಯಲ್ಲಿ ಓದಿ, 1971ರಲ್ಲಿ ಪಶುವೈದ್ಯಕೀಯ ಅಂಗರಚನಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಾಕೆ. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯ ಸುದ್ದಿ ಬಂದಾಗ ನ್ಯೇರಿ ಕಡೆಗೇ ಹೊರಟಿದ್ದರು. ಅಲ್ಲಿನ ಹೋಟೆಲೊಂದರ ಅಂಗಳದಲ್ಲಿ, ಮೌಂಟ್ ಕೀನ್ಯಾಕ್ಕೆ ಮುಖ ಮಾಡಿ ನಿಂತು ಒಂದು ಸಸಿ ನೆಟ್ಟರು. ಅಷ್ಟು ದೊಡ್ಡ ಸುದ್ದಿ ಬಂದಾಗ ಅವರ ಮೈ ತಿರುಗಿದ್ದು ಬೆಟ್ಟದ ಕಡೆಗೆ.

ಬೆಟ್ಟವೆಂದರೆ ಆರಿದ ಜ್ವಾಲಾಮುಖಿಯ ಗಂಟಲಲ್ಲಿ ಉಳಿದ ಗಟ್ಟಿ ಕಲ್ಲು, ಅದರಲ್ಲಿ ದೇವರೆಲ್ಲಿ ಎನ್ನುವವರಿಗೂ ಮಾಥಾಯಿಯ ಬದುಕಿನಲ್ಲೇ ಉತ್ತರವಿದೆ. ಚಿಕ್ಕಂದಿನಲ್ಲಿ ಅವರ ಮನೆಯ ಹತ್ತಿರ ಒಂದು ಮುಗುಮೊ ಮರವಿತ್ತು. ಅದು ದೇವರ ಮರ, ಅದರ ಒಣಪುಳ್ಳೆಯನ್ನೂ ತರಬೇಡ ಎಂದು ತಾಯಿ ಹೇಳುತ್ತಿದ್ದರು. ಮರದ ಬುಡದಲ್ಲೇ ಒಂದು ತೊರೆ ಹುಟ್ಟುತ್ತಿತ್ತು. ಅಮೆರಿಕದಲ್ಲಿ ಓದಿ ಮರಳಿ ಬರುವಷ್ಟರಲ್ಲಿ ಜಮೀನು ಕೈಬದಲಾಗಿ ಮರ ಹೋಗಿತ್ತು, ತೊರೆಯೂ ಬತ್ತಿತ್ತು. ಆಳಕ್ಕಿಳಿವ ಬೇರು ನೀರನ್ನು ಮೇಲಕ್ಕೆ ತರುತ್ತಿತ್ತು, ಮಣ್ಣನ್ನು ಹಿಡಿದಿಡುತ್ತಿತ್ತು ಎಂದು ಜೀವವಿಜ್ಞಾನಿಯಾಗಿ ಅವರು ಆಮೇಲೆ ವಿವರಿಸಿದರು. ಮರದೊಳಗೆ ದೇವರಿದ್ದನೇ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. ದೂರ ನಿಲ್ಲು ಎಂಬ ಮಾತು ಏನನ್ನು ಉಳಿಸಿತ್ತು ಎಂಬುದಾಗಿತ್ತು. ಹಾಗೆಂದು ಪವಿತ್ರವೆಂದರೆ ಪರಿಸರದ ಗುಟ್ಟುಭಾಷೆ ಅಷ್ಟೇ ಎಂದು ತೀರ್ಮಾನಿಸುವುದೂ ಅವಸರದ ಮಾತು. ತಾಯಿಗೆ ಬೇರಿನ ಶಾಸ್ತ್ರ ತಿಳಿದಿರಲಿಲ್ಲ, ಆದರೂ ಆಕೆ ಹೇಳಿದ್ದು ಸುಳ್ಳಾಗಲಿಲ್ಲ. ಕಲ್ಲು ಯಾವುದರಿಂದ ಆಗಿದೆ ಎಂದು ತಿಳಿದರೆ ಅದು ಯಾವ ಕಡೆಗಿದೆ ಎಂಬುದು ಬದಲಾಗುವುದಿಲ್ಲವಷ್ಟೆ.

ಈ ಕೊನೆಯ ಮಾತಿಗೆ ಈಗ ನಿಜವಾದ ಪರೀಕ್ಷೆ ಎದುರಾಗಿದೆ. ಗ್ರೆಗರಿ ಹೆಸರಿಟ್ಟ ಲೂಯಿಸ್ ಹಿಮನದಿ 1934ರಿಂದ 2010ರ ನಡುವೆ ತನ್ನ ಗಾತ್ರದ ಶೇಕಡಾ 90ರಷ್ಟನ್ನು ಕಳೆದುಕೊಂಡಿದೆ. ಉಳಿದ ಚೂರುಗಳೂ ಕೆಲವೇ ದಶಕಗಳಲ್ಲಿ ಹೋಗುತ್ತವೆ ಎನ್ನುತ್ತಾರೆ ವಿಜ್ಞಾನಿಗಳು. ದೇವರ ಗುರುತಾಗಿ ದೂರದಿಂದ ಕಾಣುತ್ತಿದ್ದ ಬಿಳುಪು ಅಳಿದ ಮೇಲೆ ದಿಕ್ಕು ಉಳಿದೀತೇ? ಮೋಡ ಮುಚ್ಚಿದ ಮಧ್ಯಾಹ್ನಗಳಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ ಎಂಬುದನ್ನು ನೆನೆದರೆ ಉಳಿದೀತು ಎನಿಸುತ್ತದೆ, ಮೋಡ ಸರಿಯುತ್ತದೆ, ಹಿಮ ಮರಳುವುದಿಲ್ಲ ಎಂಬ ವ್ಯತ್ಯಾಸ ಸಣ್ಣದಲ್ಲದಿದ್ದರೂ. ಹಿಮ ಹೋದರೆ ಹೊಳೆಗಳೆಲ್ಲ ಬತ್ತುತ್ತವೆ ಎಂಬ ಗಾಬರಿ ಮಾತ್ರ ಅಷ್ಟು ಸರಿಯಲ್ಲ. ತಾನಾ, ಎವಾಸೊ ನ್ಯಿರೊ ನದಿಗಳಿಗೆ ಬರುವ ನೀರಿನಲ್ಲಿ ಈಗ ಹಿಮನದಿಗಳ ಪಾಲು ತೀರ ಕಡಿಮೆ. ಮಳೆಯನ್ನು ಹಿಡಿದು ವರ್ಷವಿಡೀ ಜಿನುಗಿಸುವುದು ಬೆಟ್ಟದ ಸೊಂಟದ ಸುತ್ತಲಿನ ಕಾಡು. ಆ ಕಾಡನ್ನು ಎಷ್ಟು ಕಡಿದಿದ್ದರೆಂಬುದು 1999ರಲ್ಲಿ ವನ್ಯಜೀವಿ ಇಲಾಖೆ ವಿಮಾನದಿಂದ ಮಾಡಿದ ಸಮೀಕ್ಷೆಯಲ್ಲಿ ಬಯಲಾಯಿತು: ಕಳ್ಳಸಾಗಣೆಯ ಮರ, ಇದ್ದಿಲಿನ ಗೂಡುಗಳು, ನಟ್ಟಡವಿಯಲ್ಲಿ ಗಾಂಜಾ ಹೊಲ. ತುದಿಯನ್ನೇ ಬೆಟ್ಟವೆಂದುಕೊಂಡವರಿಗೆ ಇದು ಕಾಣದಿದ್ದರೆ ಆಶ್ಚರ್ಯವಿಲ್ಲ, ಚಾರಣದಲ್ಲಿ ಈ ಕಾಡು ಮೊದಲ ದಿನದಲ್ಲೇ, ಅರ್ಧ ದಾರಿ ಜೀಪಿನಲ್ಲಿ, ಮುಗಿದುಹೋಗುತ್ತದೆ.